ಹಿಂದೆ ಹದಿನೆಂಟು

ಹೊಲ್ವೆರ್ಡಿನ ಕಡಲಗೋಡೆಯ ಮೇಲೆ ಗಾಳಿಗೆ ಬಿಡುವೇ ಇಲ್ಲ.
ಬೆಳಿಗ್ಗೆ ಆರೂವರೆಗೆ ನಾನು, ನನ್ನ ನರ್ಸ್ ಚೀಲ,
ನನ್ನ ಎಲೆಕ್ಟ್ರಿಕ್ ಸೈಕಲ್ಲು,
ಕ್ಯಾರಿಯರಿನ ಮೇಲೆ ಮೂರೂವರೆ ಕಿಲೋ ಬ್ಯಾಟರಿ.
ಅಡ್ಡಗಾಳಿ ಬೀಸಿತೋ,
ಹಿಂಗಾಲಿಯದೊಂದು ಮಾತು, ಮುಂಗಾಲಿಯದೊಂದು ಮಾತು.
ಮುಂಗಾಲಿ ನೆಲಕ್ಕೆ ಕೂರುತ್ತಲೇ ಇರಲಿಲ್ಲ,
ಗುರುತಿಲ್ಲದ ಮನೆಯಲ್ಲಿ ಕುರ್ಚಿಯ ತುದಿಗೆ ಕೂತವರ ಹಾಗೆ.
ಸ್ಟ್ಯಾಂಡ್ ಹಾಕಿ ಬೆನ್ನು ತಿರುಗಿಸಿದರೆ ಧೊಪ್ಪನೆ ಬೀಳುವುದು.
ಒಂದು ಸಲ ಯಾರದೋ ಕೋಸಿನ ಮಡಿಯ ಮೇಲೆ.

ಏಳಕ್ಕೆ ವೀಬ್ರನ್ ಮನೆ.
ನಲವತ್ತು ವರ್ಷ ಕಾಲುವೆಗಳಲ್ಲಿ ಸರಕು ದೋಣಿ ನಡೆಸಿದವನು:
ಜಲ್ಲಿ, ಆಲೂಗಡ್ಡೆ, ಒಮ್ಮೆ ಒಂದು ಚರ್ಚಿನ ಗಂಟೆ.
ಹೋದ ನವೆಂಬರಿನಲ್ಲಿ ಎಡಮೈ
ಅವನಿಗೊಂದು ಮಾತೂ ಹೇಳದೆ ಕೆಲಸ ಬಿಟ್ಟಿತು.
ಅವನ ಪಾದಗಳಿಗೆಂದು ನಾನು ತೂಕದ ಯಂತ್ರ ಎರಡು ತಂದಿದ್ದೆ,
ಕಾಲಿಗೊಂದು.
"ಎಡಕ್ಕೆ ಭಾರ ಬಿಡಿ. ಇನ್ನೂ. ಇನ್ನೊಂಚೂರು."
ಎಡ ಹತ್ತೊಂಬತ್ತು. ಬಲ ಅರವತ್ತಮೂರು.
ಸಾಲ ತಗೊಂಡು ತಲೆಮರೆಸಿಕೊಂಡ ನೆಂಟ ಈಗ ಬಂದು ಬಾಗಿಲು ಬಡಿದಂತೆ
ಆ ಕಾಲನ್ನು ನೋಡುತ್ತಿದ್ದ.

ಆ ಮಂಗಳವಾರ ಹೊರಗೆ ಮತ್ತೆ ಧೊಪ್.
ಅವನು ಕಿಟಕಿಯತ್ತ ತಿರುಗಲೂ ಇಲ್ಲ.
"ಸರಕು ತಪ್ಪು ಜಾಗದಲ್ಲಿದೆ, ಯಿಕ್ಕೆ.
ಎತ್ತರದಲ್ಲಿ, ಅದೂ ಹಿಂದೆ.
ಒಳಗೆ ತಾ ಅದನ್ನ. ಈ ಯಂತ್ರಗಳು ನನಗೊಬ್ಬನಿಗೇ ಏನು?"

ಅಡುಗೆಮನೆಯಲ್ಲಿ ಸೈಕಲ್ಲು ನಿಂತಿತು, ಗಾಲಿಗೊಂದು ಯಂತ್ರ.
ಆಗಷ್ಟೇ ನೆಲ ಒರೆಸಿದ್ದ ಅವನ ತಂಗಿ ಫ್ರೌಕ್ಯೆ
ಹೊಸಿಲಲ್ಲೇ ನಿಂತು ಬೈದಳು, ನಮ್ಮಿಬ್ಬರನ್ನೂ, ಸೈಕಲ್ಲನ್ನೂ.
ಮುಂದೆ ಒಂಬತ್ತು. ಹಿಂದೆ ಹದಿನೆಂಟು.
"ನೋಡಿದೆಯಾ," ಅಂದ, "ಇದಕ್ಕೂ ನನ್ನದೇ ಕಾಯಿಲೆ."

ಮೂರು ಭಾನುವಾರ ಹಿಡಿಯಿತು.
ನೀರಿನ ಬಾಟಲಿಗೆಂದು ಚೌಕಟ್ಟಿನಲ್ಲಿದ್ದ ಎರಡು ತೂತು,
ಅದಕ್ಕೆ ಅವನ ಹಳೆಯ ದೋಣಿಯದೊಂದು ಅಲ್ಯುಮಿನಿಯಂ ಪಟ್ಟಿ.
ಅವನ ಬಲಗೈ, ನನ್ನ ಎರಡು: ಒಟ್ಟು ಮೂರು.
ವೈರು ಒಂದು ಮೊಳ ಗಿಡ್ಡ. ಬೆಸುಗೆ ಹಾಕಿದೆ.
ಮೊದಲ ಸಲ ಕೆಂಪು ಕಪ್ಪಿಗೆ ತಾಗಿ ಚಟ್ ಎಂದಿತು,
ಫ್ಯೂಸು ಹೋಯಿತು, ಫ್ರೌಕ್ಯೆ ಹೊರಗೆ ಹೋದಳು.
ಬ್ಯಾಟರಿ ಕೊನೆಗೆ ಪೆಡಲುಗಳ ನಡುವೆ, ತಗ್ಗಿನಲ್ಲಿ ಕೂತಿತು,
ಕರಿ ಬೆಕ್ಕು ತನ್ನ ಜಾಗ ಹುಡುಕಿಕೊಂಡಂತೆ.

ಮುಂದೆ ಹನ್ನೊಂದು, ಹಿಂದೆ ಹದಿನಾರು.
"ಸಮ ಆಗಲಿಲ್ಲ," ಅಂದೆ.
"ಸಮ ಯಾರಿಗೆ ಬೇಕು? ಹಿಂಬದಿ ಚೂರು ತಗ್ಗಿರಬೇಕು,
ಇಲ್ಲದಿದ್ದರೆ ದೋಣಿ ಚುಕ್ಕಾಣಿಯ ಮಾತು ಕೇಳಲ್ಲ."

ಮರುದಿನ ಗೋಡೆಯ ಮೇಲೆ ಅದೇ ಗಾಳಿ.
ಸೈಕಲ್ಲು ನೇರ ಹೋಯಿತು. ನಾನೇ ಹೋಗಲಿಲ್ಲ.
ಎರಡು ವರ್ಷದಿಂದ ಮುಂಗಾಲಿಯನ್ನು ನೆಲಕ್ಕೆ ಅದುಮಿ ಹಿಡಿದಿದ್ದ ಅಂಗೈಗಳು
ಇನ್ನೂ ಅದುಮುತ್ತಿದ್ದವು,
ಇಲ್ಲದ ತಪ್ಪನ್ನು ತಿದ್ದುತ್ತ.
ಕುರಿಗಳ ಗೇಟಿನ ಹತ್ತಿರ ಹುಲ್ಲಿಗೆ ಇಳಿದುಬಿಟ್ಟೆ.
ಬೀಳಲಿಲ್ಲ. ಕುರಿಗಳು ನೋಡಿದವು.
ಬಿಡು, ಬಿಡು ಎಂದು ಕೈಗಳಿಗೆ ಹೇಳಿಕೊಂಡೆ,
ಥೇಟ್ ಅವನ ಕಾಲಿಗೆ ಹೇಳುವ ದನಿಯಲ್ಲಿ,
ಆ ದನಿ ಎಷ್ಟು ಕಿರಿಕಿರಿ ಅನ್ನುವುದು ಅವತ್ತು ಗೊತ್ತಾಯಿತು.

ಇವತ್ತು ಅವನ ಎಡ ಇಪ್ಪತ್ತನಾಲ್ಕು.
ಯಂತ್ರದಿಂದ ಇಳಿಯುವ ಮೊದಲು ಕಿಟಕಿಯಾಚೆ ನೋಡಿದ,
ಸ್ಟ್ಯಾಂಡಿನ ಮೇಲೆ ತನ್ನಷ್ಟಕ್ಕೆ ನಿಂತ ಸೈಕಲ್ಲು,
ಬರಿದಾದ ಕ್ಯಾರಿಯರು.
"ಅಲ್ಲಿ ಈಗ ಜಾಗ ಇದೆಯಲ್ಲ," ಅಂದ.
"ಕಡಲಗೋಡೆವರೆಗೆ ಮಾತ್ರ."

ಎಂಬತ್ತೆರಡು ಕಿಲೋ.
ಯಾವ ಪಟ್ಟಿ, ಯಾವ ತೂತು, ಯಾವ ಲೆಕ್ಕಕ್ಕೂ ಕೂರದ ಭಾರ.
ಆಗೋದಿಲ್ಲ ಅಂದೆ.
ಅಂದು, ಕಾಲುಚೀಲ ಏರಿಸುತ್ತ ಏರಿಸುತ್ತ
ಕ್ಯಾರಿಯರಿನ ಅಗಲವನ್ನು
ಕಣ್ಣಲ್ಲೇ ಅಳೆಯುತ್ತಿದ್ದೆ.